ಪರದೆಗೆ ಬೊಟ್ಟು

ನನಗೆ ಹುಟ್ಟಿನಿಂದ ಕಣ್ಣು ಕಾಣಲ್ಲ. ಕೋಲಾರದ ಒಂದು ಸ್ಟುಡಿಯೋದಲ್ಲಿ ದೇವರನಾಮ ರೆಕಾರ್ಡ್ ಮಾಡುತ್ತಿದ್ದೆ. ಪರದೆ ಮೇಲಿದ್ದುದನ್ನು ಕಂಪ್ಯೂಟರ್ ಓದಿ ಹೇಳುತ್ತಿತ್ತು, ನಾನು ಕೀಬೋರ್ಡ್ ಒತ್ತುತ್ತಿದ್ದೆ. ಒಂದು ದಿನ ಮಾಲೀಕ ನಾರಾಯಣಪ್ಪ ಹೊಸ ಸಾಫ್ಟ್‌ವೇರ್ ಹಾಕಿಸಿದರು.

"ಪರದೆ ಮೇಲೆ ಥೇಟ್ ಹಳೇ ರೆಕಾರ್ಡರಿನ ಮರದ ಪೆಟ್ಟಿಗೆ ಕಣೋ. ಗುಂಡಿಗಳ ಜೊತೆ ಸ್ಕ್ರೂನೂ ಚಿತ್ರ ಬರೆದವ್ರೆ," ಅಂದರು.

ಬರೆದದ್ದೇ ತಂಟೆ. ಚಿತ್ರವನ್ನು ಓದಲು ಬಾರದ ಕಂಪ್ಯೂಟರ್ "ಗ್ರಾಫಿಕ್, ಗ್ರಾಫಿಕ್" ಎಂದು ಗೊಣಗಿ ಸುಮ್ಮನಾಯಿತು. ರೆಕಾರ್ಡ್ ಮಾಡುವ ಗುಂಡಿ ಯಾವುದು, ಅಳಿಸುವ ಗುಂಡಿ ಯಾವುದು ಅಂತ ಹೇಳುವವರೇ ಇಲ್ಲ. ನನ್ನ ಕೆಲಸಕ್ಕೇ ಸಂಚಕಾರ ಬಂತು.

"ಇಷ್ಟೇನಾ?" ಎಂದ ನಾರಾಯಣಪ್ಪ ಹೆಂಡತಿಯ ಸ್ಟಿಕ್ಕರ್ ಬೊಟ್ಟಿನ ಪ್ಯಾಕೆಟ್ ತಂದು, ಒಂದೊಂದು ಗುಂಡಿಯ ಚಿತ್ರದ ಮೇಲೂ ಪರದೆಯ ಗಾಜಿಗೆ ಒಂದೊಂದು ಬೊಟ್ಟು ಅಂಟಿಸಿದರು. "ಈಗ ತಡವಿ ನೋಡಿ ಒತ್ತು."

ಒತ್ತಿದೆ. ಏನೂ ಆಗಲಿಲ್ಲ.

"ಅಣ್ಣಾ, ಇದು ಮೌಸ್ ಹೇಳಿದ್ರೆ ಕೇಳುತ್ತೆ, ಬೆರಳು ಹೇಳಿದ್ರೆ ಕೇಳಲ್ಲ."

"ಗಟ್ಟಿಯಾಗಿ ಒತ್ತೋ."

ಅಷ್ಟರಲ್ಲಿ ಹಾಡಲು ಮುಳಬಾಗಿಲಿನಿಂದ ಅರ್ಚಕರು ಬಂದರು. "ಓ, ಪೂಜೆ ಆಯ್ತಾ?" ಎಂದು ಬೊಟ್ಟಿಟ್ಟ ಪರದೆಗೆ ಕೈ ಮುಗಿದರಂತೆ.

ನಾನೂ ಕೈ ಮುಗಿದೆ. ಆ ಸಾಫ್ಟ್‌ವೇರಿನ ಮುಂದೆ ಕೂತು ನಾನು ಮಾಡಬಹುದಾದ ಕೆಲಸ ಅದೊಂದೇ ಇತ್ತು.