ಹೂಮಳೆಗೆ ಸೀಟಿ ಊದಿದವರು

ನಮ್ಮ ಡ್ರಿಲ್ ಮೇಷ್ಟ್ರ ಕೊರಳಲ್ಲಿ ಸದಾ ಒಂದು ಹಿತ್ತಾಳೆ ಸೀಟಿ ತೂಗುತ್ತಿತ್ತು. ಶಾಲೆಯಿಂದ ನಿವೃತ್ತರಾಗಿ ವರ್ಷಗಳೇ ಕಳೆದರೂ ಅದನ್ನು ತೆಗೆದಿರಲಿಲ್ಲ. ಅದರ ಕರಿದಾರ ಬೆವರು ಕುಡಿದು ಬೆಳ್ಳಗಾಗಿ, ಕುತ್ತಿಗೆಯ ಮೇಲೆ ಗೆರೆಯೇ ಬಿದ್ದಿತ್ತು. ಮಳೆ ಬಂತೆಂದರೆ ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಕಟ್ಟಿ, ತೋಟದ ಗಮ್‌ಬೂಟು ಏರಿಸಿ, ಕೊಡೆಯಿಲ್ಲದೆ ರಸ್ತೆಗೆ ಇಳಿಯುತ್ತಿದ್ದರು. ಸೀಟಿ ಕೇಳಿದ ಕೂಡಲೇ ನಾವು, 'ಓ, ಹೊರಟರಪ್ಪಾ!' ಎಂದು ನಗುತ್ತಿದ್ದೆವು.

ನಮ್ಮೂರಿರುವುದು ಬಾಳ್ಳುಪೇಟೆಯಿಂದ ಸ್ವಲ್ಪ ಈಚೆ, ಹೆದ್ದಾರಿಯ ಕೆಳಗಿನ ಇಳಿಜಾರಿನಲ್ಲಿ. ಮೇಲೆ ರಸ್ತೆ, ಅದರ ಪಕ್ಕ ಲಾರಿ ಗ್ಯಾರೇಜು, ಕೆಳಗೆ ನಮ್ಮ ಕೆರೆ. ಮಳೆ ಬಂದರೆ ಮೇಲಿನ ಆಯಿಲು, ಗ್ರೀಸು, ಟಯರಿನ ಮಸಿ ಎಲ್ಲವೂ ಮೋರಿ ದಾಟಿ ಕೆರೆಗೆ ಬರುತ್ತಿತ್ತು. ಒಂದು ಬೇಸಿಗೆಯಲ್ಲಿ ನನ್ನ ಹಸು ಗೌರಿ ಕೆರೆಯ ಅಂಚಿಗೆ ಹೋಗಿ, ನೀರನ್ನು ಮೂಸಿ ನೋಡಿ, ಬಾಯಿ ಹಾಕದೆ ಹಾಗೇ ತಿರುಗಿ ಬಂತು. ಡೇರಿಗೆ ಹಾಲು ಹಾಕಿ ಮನೆ ನಡೆಸುವವಳು ನಾನು, ಹಸುವೇ ನೀರು ಬಿಟ್ಟರೆ ಗತಿಯೇನು? ಅದೇ ಹೊತ್ತಿಗೆ ಪಂಚಾಯಿತಿಯಲ್ಲಿ ಮಾತೆದ್ದಿತು: ಹೇಗೂ ಕೆಟ್ಟುಹೋದ ಕೆರೆ, ಮಣ್ಣು ತುಂಬಿಸಿ ಲಾರಿ ನಿಲ್ಲಿಸಲು ಜಾಗ ಮಾಡೋಣ.

ಗ್ರಾಮಸಭೆಯಲ್ಲಿ ಎಲ್ಲರೂ ತಲೆಯಾಡಿಸುತ್ತಿದ್ದಾಗ ಹಿಂದಿನಿಂದ ಸೀಟಿ ಕೇಳಿಸಿತು. ಮೇಷ್ಟ್ರು ಎದ್ದು ನಿಂತಿದ್ದರು.

"ಒಂದು ಮಳೆಗಾಲ ಕೊಡ್ರಯ್ಯ. ದನ ಕುಡಿಯೋ ಹಂಗೆ ನೀರು ಆಗ್ಲಿಲ್ಲ ಅಂದ್ರೆ ಮೊದಲ್ನೇ ಬುಟ್ಟಿ ಮಣ್ಣು ನಾನೇ ಹಾಕ್ತೀನಿ."

ಸಭೆಗೆ ಬಂದಿದ್ದ ಪಂಚಾಯಿತಿಯ ಎಂಜಿನಿಯರ್ ಹುಡುಗ ಒಳ್ಳೆಯವನು. ಮಳೆಗಾಲ ಕಳೆಯಲಿ, ಆಮೇಲೆ ನೋಡೋಣ ಎಂದ.

ನಮ್ಮ ಕಡೆ ಒಂದು ಪದ್ಧತಿ ಇತ್ತು. ಕಾಫಿ ಮೊಗ್ಗು ಅರಳಿಸುವ ಮೊದಲ ಮಳೆ, ಅಂದರೆ ಹೂಮಳೆ, ಬಿದ್ದ ಕೂಡಲೇ ಮನೆಗೊಬ್ಬರು ಗುದ್ದಲಿ ಹಿಡಿದು ಓಡುತ್ತಿದ್ದೆವು. ಮೋರಿಯಿಂದ ಕೆರೆಗೆ ಹೋಗುವ ಕಾಲುವೆ ಬಿಡಿಸಿ, ಅರಿಶಿನ ಕುಂಕುಮ ಹಾಕಿ, ಒಂದು ಹನಿಯೂ ಪೋಲಾಗದಂತೆ ಆ ನೀರನ್ನು ಕೆರೆಗೆ ತುಂಬಿಸುವುದು. ಬೇಸಿಗೆಯಿಡೀ ರಸ್ತೆಯ ಮೇಲೆ ಕೂತ ಹೊಲಸನ್ನು ತೊಳೆದು ತರುವುದೇ ಆ ನೀರು ಎಂದು ಯಾರಿಗೂ ಹೊಳೆದಿರಲಿಲ್ಲ. ಆ ವರ್ಷ ನಾವು ಗುದ್ದಲಿ ಹಿಡಿದು ಹೋದರೆ ಮೇಷ್ಟ್ರು ಕಾಲುವೆಯ ಬಾಯಿಗೆ ಹಲಗೆ ಅಡ್ಡ ಇಟ್ಟು, ಅದರ ಮೇಲೆ ಕಾಲೂರಿ ಸೀಟಿ ಊದುತ್ತಿದ್ದಾರೆ! ನನ್ನ ಅತ್ತೆಗೆ ರೇಗಿಹೋಯಿತು.

"ಇದೇನ್ ಮೇಷ್ಟ್ರೇ, ಲಕ್ಷ್ಮಿ ಬರೋ ಹೊತ್ನಲ್ಲಿ ಬಾಗಿಲು ಹಾಕ್ತೀರಲ್ಲ!"

ಮೇಷ್ಟ್ರು ಅದೇ ನೀರನ್ನು ಚೊಂಬಿಗೆ ಮೊಗೆದು ಅತ್ತೆಯ ಮುಂದೆ ಹಿಡಿದರು. ಕಪ್ಪು ನೀರು, ಮೇಲೆ ಎಣ್ಣೆಯ ಬಣ್ಣ ಬಣ್ಣದ ಪೊರೆ. "ಲಕ್ಷ್ಮಿ ಅಲ್ವಾ ತಾಯಿ, ಒಂದು ಗುಟುಕು ಕುಡೀರಿ." ಅತ್ತೆ ಹಿಂದೆ ಸರಿದರು. ಮೇಷ್ಟ್ರು ಮುಂದುವರಿಸಿದರು: "ಬೆಳಿಗ್ಗೆ ಬಾಯಿ ಮುಕ್ಕಳ್ಸಿದ ನೀರು ನುಂಗ್ತೀವಾ? ಇದೂ ಅಷ್ಟೇ. ರಸ್ತೆ ಬಾಯಿ ಮುಕ್ಕಳಿಸ್ತಾ ಐತೆ. ಉಗೀಲಿ ಬಿಡಿ. ಆಮೇಲಿನ ನೀರೆಲ್ಲ ನಿಮ್ದೇ."

ಅತ್ತೆ ಮನೆಗೆ ಬಂದು ಎರಡು ದಿನ ಗೊಣಗಿದರು, ಅದು ಬೇರೆ ಮಾತು.

ಉಗಿದ ನೀರು ಎಲ್ಲಿಗಾದರೂ ಹೋಗಬೇಕಲ್ಲ? ಮೋರಿಯ ಪಕ್ಕದಲ್ಲಿದ್ದ ತಮ್ಮದೇ ತೋಟದ ಅಂಚನ್ನು ಮೇಷ್ಟ್ರು ಬಿಟ್ಟುಕೊಟ್ಟರು. ಒಳ್ಳೆ ಫಸಲು ಕೊಡುವ ರೊಬಸ್ಟಾ ಕಾಫಿ ಗಿಡ ಕಿತ್ತು ಗುಂಡಿ ತೋಡಲು ಎಂಥ ಗುಂಡಿಗೆ ಬೇಕೋ! ಕಾಫಿ ಸಾಲುಗಳ ನಡುವೆ ಮಳೆನೀರು ಹಿಡಿಯಲು ನಾವು ತೊಟ್ಟಿಲು ಗುಂಡಿ ತೆಗೆಯುತ್ತೇವಲ್ಲ, ಅಂಥವೇ, ಇಳಿಜಾರಿಗೆ ಅಡ್ಡಲಾಗಿ. ಅವನ್ನೂ ಮಕ್ಕಳನ್ನು ಡ್ರಿಲ್ಲಿಗೆ ನಿಲ್ಲಿಸಿದಂತೆ ನಿಲ್ಲಿಸಿದರು. "ನೆಟ್ಟಗೆ ಒಂದೇ ಸಾಲಾದ್ರೆ ನೀರು ಓಡ್ಬುಡ್ತದೆ. ಹಿಂದಿನೋನು ಮುಂದಿನೋರ ಸಂದಿನಲ್ಲಿ ನಿಲ್ಬೇಕು!" ಬೇರು ಮಣ್ಣು ಹಿಡಿದುಕೊಳ್ಳಲಿ ಎಂದು ಗುಂಡಿಗಳ ದಂಡೆಗೆ ಲಾವಂಚ ನೆಡಿಸಿದರು. ನಾನೂ ಗುದ್ದಲಿ ಹಿಡಿದೆ. ನನಗೆ ಸಿಕ್ಕಿದ್ದು ಬೈಗುಳವೇ: "ಏ ಹುಡುಗಿ, ಗುಂಡಿ ತೋಡ್ತಿದ್ದೀಯೋ, ರಂಗೋಲಿ ಬಿಡ್ತಿದ್ದೀಯೋ?" ಮದುವೆಯಾಗಿ ಮಕ್ಕಳು ದೊಡ್ಡವರಾದರೂ ಅವರಿಗೆ ನಾನು ಹುಡುಗಿಯೇ.

ಗ್ಯಾರೇಜಿನ ಸಾಬ್ರಿಗೆ ಮಾತ್ರ ಅಂಜಿಕೆಯಿತ್ತು. ಕೆರೆ ಕೆಟ್ಟದ್ದೆಲ್ಲ ತಮ್ಮ ತಲೆಗೇ ಬರುತ್ತದೆ, ಮೇಷ್ಟ್ರು ದೂರು ಕೊಡುತ್ತಾರೆ ಎಂದು ಮುಖ ತಪ್ಪಿಸಿ ಓಡಾಡುತ್ತಿದ್ದರು. ಒಂದು ದಿನ ಮೇಷ್ಟ್ರು ಮೂಟೆಯೊಂದನ್ನು ಹೊತ್ತು ನೇರ ಗ್ಯಾರೇಜಿಗೇ ಹೋದರು.

"ದೂರು ಕೊಡಕ್ಕೆ ಬಂದಿಲ್ಲ ಮಾರಾಯ, ಹೊಟ್ಟು ಕೊಡಕ್ಕೆ ಬಂದೀನಿ. ಆಯಿಲ್ ಸೋರೋ ಕಡೆ ಹರಡು, ಹೀರ್ಕೊಳ್ತದೆ. ಒಂದು ಟೀ ಹೇಳು."

ಸಾಬ್ರು ನಕ್ಕುಬಿಟ್ಟರು. ಅಂದಿನಿಂದ ನೆಲಕ್ಕೆ ಕಾಫಿ ಹೊಟ್ಟು, ಹಳೆ ಆಯಿಲಿಗೆ ಡ್ರಮ್ಮು. ಗ್ಯಾರೇಜಿನ ಮುಂದೆ ಮೇಷ್ಟ್ರಿಗೊಂದು ಕುರ್ಚಿಯೂ ಕಾಯಂ ಆಯಿತು.

ಎಲ್ಲ ಸುಸೂತ್ರವಾಯಿತು ಅನ್ನುವಷ್ಟರಲ್ಲಿ ಆಷಾಢದ ಮಳೆ ಹೊಡೆದು ಕೊನೆಯ ಗುಂಡಿಯ ದಂಡೆ ಒಡೆದು, ಕೆಸರೆಲ್ಲ ಕೆರೆಯತ್ತ ನುಗ್ಗಿತು. ಎಂಜಿನಿಯರ್ ಹುಡುಗ ನೆನೆದುಕೊಂಡೇ ಬಂದು ನೋಡಿ, "ಗುಂಡಿ ತುಂಬಿದ ಮೇಲೆ ನೀರಿಗೆ ಹೊರಗೆ ಹೋಗೋಕೆ ದಾರಿನೇ ಬಿಟ್ಟಿಲ್ವಲ್ಲ ಮೇಷ್ಟ್ರೇ, ಕಲ್ಲು ಕಟ್ಟಿ ಬಾಯಿ ಬಿಡಬೇಕು" ಎಂದ. ಮೇಷ್ಟ್ರು ಕೆಸರಿನಲ್ಲೇ ಕಾಲು ಜೋಡಿಸಿ ಸೆಲ್ಯೂಟ್ ಹೊಡೆದರು. "ನನ್ನ ತಪ್ಪು ಸಾ! ತೋರ್ಸಿಕೊಡಿ." ಸಾಬ್ರ ಟಿಪ್ಪರಿನಲ್ಲಿ ಕಲ್ಲು ಬಂತು, ಅಂದು ಇಡೀ ಊರು ಕಲ್ಲು ಹೊತ್ತಿತು.

ಮಳೆ ಹಿಂದೆ ಸರಿದ ಮೇಲೆ ಪಂಚಾಯಿತಿಯವರು ಕೆರೆ ನೋಡಲು ಬಂದರು. ನಾನು ಗೌರಿಯನ್ನು ಹಿಡಿದು ತಂದೆ. ಊರಿಗೂರೇ ದಂಡೆಯ ಮೇಲೆ ನೆರೆದಿತ್ತು. ಗೌರಿ ಮೂಸಿತು, ತಲೆಯೆತ್ತಿ ನಮ್ಮನ್ನೆಲ್ಲ ಒಮ್ಮೆ ನೋಡಿತು. ಆಮೇಲೆ ಮೂತಿ ಇಳಿಸಿ ಸೊರ್ ಸೊರ್ ಎಂದು ಕುಡಿಯತೊಡಗಿತು, ಕುಡಿಯಿತು, ಕುಡಿಯುತ್ತಲೇ ಇತ್ತು. ಜನ ಹೋ ಎಂದು ಕೂಗಿದರು. ಮೇಷ್ಟ್ರು ಸೀಟಿಯನ್ನು ಬಾಯಿಗಿಟ್ಟರು, ಊದಲಾಗಲಿಲ್ಲ. ಕಣ್ಣಲ್ಲಿ ನೀರು ತುಂಬಿತ್ತು. ಲಾರಿ ನಿಲ್ಲಿಸುವ ಜಾಗದ ಮಾತು ಅಂದಿಗೇ ಮುಗಿಯಿತು.

ಮೇಷ್ಟ್ರು ತೀರಿಹೋದದ್ದು ಈ ಚಳಿಗಾಲದಲ್ಲಿ, ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ. ಸೀಟಿ ಅವರ ಜತೆಯಲ್ಲೇ ಹೋಯಿತು. ನನ್ನ ಕೊಟ್ಟಿಗೆ ಇಂದು ತುಂಬಿದೆ ಎಂದರೆ ಅದು ಅವರ ಋಣ, ತೀರಿಸಲಾಗದ್ದು.

ಮೊನ್ನೆ ಮಧ್ಯಾಹ್ನ ಹೂಮಳೆ ಬಂತು. ಅಭ್ಯಾಸಬಲ, ಸೀಟಿಗಾಗಿ ಕಿವಿಗೊಟ್ಟು ನಿಂತೆ. ಅಯ್ಯೋ, ಇನ್ನೆಲ್ಲಿಯ ಸೀಟಿ! ಹಲಗೆ ಹಾಕುವವರು ಯಾರು ಎಂದು ನೆನಪಾಗಿ, ತಲೆಗೆ ಟವೆಲು ಹಾಕಿಕೊಂಡು ಮೋರಿಯತ್ತ ಓಡಿದೆ. ಕಾಲುವೆಯ ಬಾಯಿಗೆ ಹಲಗೆಯನ್ನು ಆಗಲೇ ಅಡ್ಡ ಇಟ್ಟಾಗಿತ್ತು. ಗ್ಯಾರೇಜಿನ ಸಾಬ್ರು ತೊಪ್ಪೆಯಾಗಿ ನೆನೆದು, ಅದರ ಸಂದಿಗೆ ಮಣ್ಣು ಮೆತ್ತುತ್ತಿದ್ದರು. ಹಲಗೆಯ ಮೇಲೆ ಕಾಲೂರಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ನಿಂತಿದ್ದವರು ನನ್ನ ಅತ್ತೆ.

"ತಡ ಮಾಡ್ಬುಟ್ಟೆ ಕಣೇ" ಎಂದು ನನ್ನನ್ನೇ ಗದರಿದರು. "ರಸ್ತೆ ಬಾಯಿ ಮುಕ್ಕಳಿಸ್ತಾ ಐತೆ. ಉಗೀಲಿ ಬಿಡು."