ಮಾವಶಿಯ ಎಲೆಬಳ್ಳಿಗೆ ಸೀರೆಯ ನೆರಳು

ಅಂದು ನಸುಕಿನಲ್ಲೆದ್ದು ನೀರು ತುಂಬಿದೆ, ಅಂಗಳ ಸಾರಿಸಿದೆ, ಹದಿನೆಂಟು ರೊಟ್ಟಿ ಬಡಿದೆ, ಸಂಡಿಗೆ ಹಿಟ್ಟು ಕುದಿಸಿದೆ. ಸಂಡಿಗೆಗೆ ಬಿಸಿಲು ಸಾಲದೆಂದು, ಕಟ್ಟಿಗೆ ಒಡೆಯಲು ಬಂದವನಿಂದ ಹಿತ್ತಲಿನ ಬೇವಿನ ದೊಡ್ಡ ಕೊಂಬೆಯನ್ನೂ ಕಡಿಸಿದೆ. ಮಿರಜ ಇನ್ನೂ ಸಂಸ್ಥಾನವಾಗಿದ್ದ ಕಾಲ. ನಾನು ಸೊಸೆಯಾಗಿ ಬಂದು ಮೂರು ತಿಂಗಳಾಗಿತ್ತು. ಮರ ನಮ್ಮದಾದರೂ ಆ ಕೊಂಬೆಯ ನೆರಳು ಮೋಟುಗೋಡೆಯಾಚೆಯ ಮಾವಶಿಯದು ಎಂದು ನನಗೆ ಹೊಳೆಯಲೇ ಇಲ್ಲ.

ಪಕ್ಕದ ಮನೆಯ ಅವರನ್ನು ಓಣಿಯೆಲ್ಲ ಮರಾಠಿಯಲ್ಲಿ ಮಾವಶಿ, ಅಂದರೆ ಚಿಕ್ಕಮ್ಮ, ಎನ್ನುತ್ತಿತ್ತು. ಅವರ ಬಲಗೈ ತೋರುಬೆರಳು ಎರಡನೆಯ ಗೆಣ್ಣಿನವರೆಗೆ ಸದಾ ಕಪ್ಪು. ಮಣ್ಣಿಗೆ ಬೆರಳೂರಿ ನೋಡದೆ ಯಾವ ಗಿಡಕ್ಕೂ ನೀರು ಹಾಕಿದವರಲ್ಲ. “ನೀರಡಿಕಿ ಆಗೇತೋ ಇಲ್ಲೋ, ಮೊದಲ ಕೇಳಬೇಕಲ್ಲವ್ವಾ,” ಎನ್ನುತ್ತಿದ್ದರು. ಬೇವಿನ ಕೆಳಗೆ ಅವರ ಕೆಸುವಿನ ಎಲೆ ಮೊರದಗಲ ಹರಡುತ್ತಿತ್ತು. ಗೋಡೆಗೆ ವೀಳ್ಯದ ಎಲೆಬಳ್ಳಿ. ಬೇಡಗ ಎಂಬ ಹಳ್ಳಿಯ ತಮ್ಮ ತವರಿನ ತೋಟದಿಂದ ಮದುವೆಯಾದ ವರ್ಷ ತಂದ ಕುಡಿ ಅದು. ತವರಿನ ತೋಟ ಎಂದೋ ಒಣಗಿತ್ತು. ಆ ತಳಿ ಉಳಿದದ್ದು ಇಲ್ಲೊಂದೇ.

ಮರುದಿನ ಮಧ್ಯಾಹ್ನ ಎಲೆಗಳೆಲ್ಲ ಸುಟ್ಟು ಜೋತುಬಿದ್ದವು. ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಅಳುತ್ತಾ ಕೊಡ ಹೊತ್ತು ಓಡಿ ಬಳ್ಳಿಯ ತಲೆಯ ಮೇಲೇ ಸುರಿಯಹೊರಟೆ. ಮಾವಶಿ ಕೈ ಹಿಡಿದರು.

“ಸುಡೋ ಬಿಸಲಾಗ ತಲಿಗೆ ನೀರ ಹಾಕಬ್ಯಾಡ. ಸಂಜಿಗೆ ಬುಡಕ್ಕ ಹಾಕೂಣು. ಈಗ ಹೋಗು, ಒಂದು ಸೀರಿ ತಾ.”

ತಪ್ಪಿನ ಭಾರಕ್ಕೆ ಮದುವೆಯ ಸೀರೆಯನ್ನೇ ತಂದೆ. ಅವರು ಬೆಳಕಿಗೆ ಹಿಡಿದು ನೋಡಿ ನಕ್ಕರು. “ಇದು ದಪ್ಪ ಆತು, ಕತ್ತಲಿ ಆಗ್ತೈತಿ. ಬಿಸಲು ಸೋಸಿ ಬೀಳಬೇಕು. ಸವದದ್ದು ತಾ, ತೇಪಿ ಹಾಕಿದ್ದು.”

ನಮ್ಮ ಮನೆಯೊಳಗಿನಿಂದ ಅತ್ತೆ ತಮ್ಮ ಹಳೆಯ ಸೀರೆ ಹಿಡಿದು ಬಂದರು. “ನಂದು ಕಟ್ರಿ. ಆದರ ಬಳ್ಳಿಗೆ ಸೀರಿ ಉಡಸಾವ್ರನ್ನ ಇವತ್ತಽ ನೋಡಿದೆ ನೋಡ್ರಿ!”

“ತವರಮನಿಯಾಕಿ ರೀ ಅಕಿ. ಉಡಿಸಿದರ ಏನಾತು?”

ಸುದ್ದಿ ಹಬ್ಬಿ ಓಣಿಯ ಹೆಂಗಸರೆಲ್ಲ ಹರಕು ಸೀರೆ ತಂದರು. ಯಾರ ಸೀರೆಗೆ ಎಷ್ಟು ತೇಪೆ ಎಂದು ಎಣಿಸಿ ಎಣಿಸಿ ನಕ್ಕೆವು. ಹಸಿರು, ಕೆಂಪು, ಹಳದಿಯ ಚಪ್ಪರ ಗಾಳಿಗೆ ಉಬ್ಬುತ್ತಿತ್ತು. ಬುಡಕ್ಕೆ ಕೊಳೆತ ತರಗೆಲೆ ಹೊದಿಸಿದೆವು. ದಿನಾ ಸಂಜೆ ಬೆರಳೂರಿ ನೋಡುವ ಕೆಲಸ ನನ್ನದಾಯಿತು. ಮೂರು ವಾರ ಬಳ್ಳಿ ಬೋಳಾಗಿಯೇ ನಿಂತಿತ್ತು. ಮೊದಲ ಮಳೆಯಾದ ನಾಲ್ಕನೆಯ ದಿನ ಬೆಳಿಗ್ಗೆ ಒಂದು ಗೆಣ್ಣಿನಲ್ಲಿ ಇಲಿಯ ಕಿವಿಯಷ್ಟು ಚಿಗುರು ಕಂಡಿತು. ನಾನು ಕೂಗಿದ ಕೂಗಿಗೆ ಅತ್ತೆ ಕಳ್ಳ ಬಂದನೆಂದು ಲಟ್ಟಣಿಗೆ ಹಿಡಿದು ಓಡಿಬಂದರು.

ಮಾವಶಿ ತೀರಿಕೊಂಡು ಈಗ ಐದು ವರ್ಷ. ನಮ್ಮ ಓಣಿಗೆ ಬಂದ ಪ್ರತಿ ಸೊಸೆಗೂ ಆ ಬಳ್ಳಿಯ ಒಂದು ಕುಡಿ ಕೊಡುತ್ತೇನೆ. ಕೊಡುವಾಗ, ಯಾವ ಮರದ ನೆರಳು ಯಾರ ಹಿತ್ತಲಿಗೆ ಬೀಳುತ್ತದೆಂದೂ ತೋರಿಸುತ್ತೇನೆ.

ಚಿಗುರು ಕಂಡ ಆ ಮಧ್ಯಾಹ್ನ ಮಾವಶಿ ಚಪ್ಪರದಡಿ ಚೇತರಿಸಿಕೊಂಡಿದ್ದ ಕೆಸುವಿನ ಎಲೆಗೆ ಹಿಟ್ಟು ಸವರಿ, ಸುತ್ತಿ ಅಳುವಡಿ ಕರಿದರು. ಬಿಸಿ ಅಳುವಡಿ, ರೊಟ್ಟಿ, ಬೆಲ್ಲದ ಹುಣಸೆ ಸಾರು. ಉಂಡು ಪಡಸಾಲೆಯಲ್ಲಿ ಮೂವರೂ ಅಡ್ಡಾದೆವು. ಹಿರಿಯರಿಗಿಂತ ಮುಂಚೆ ಸೊಸೆ ಕಣ್ಣು ಮುಚ್ಚುವ ಪದ್ಧತಿ ನಮ್ಮಲ್ಲಿರಲಿಲ್ಲ. ಮೊದಲು ನಿದ್ದೆ ಹೋದವಳು ನಾನೇ. ಅರೆನಿದ್ದೆಯಲ್ಲಿ ಕೇಳಿಸಿದ್ದು ಅತ್ತೆಯ ಮಾತು: “ಸಾವಕಾಶ ಮಾತಾಡ್ರಿ ಮಾವಶಿ, ನನ್ನ ಸೊಸಿ ಮಲಗ್ಯಾಳ.”