ಬ್ರೇಕ್ ಮೇಷ್ಟ್ರ ಬಲಗಾಲು

ಕಾರು ಕಲಿಯಲು ಬಂದವರಿಗೆಲ್ಲ ಮೇಷ್ಟ್ರು ಹೇಳುವ ಮೊದಲ ಮಾತು ಒಂದೇ: ಗಾಬರಿಯಾಗಬೇಡಿ. ಇಪ್ಪತ್ತೆರಡು ವರ್ಷದಿಂದ ಇದನ್ನೇ ಹೇಳಿ ಹೇಳಿ ಅವರ ನಾಲಿಗೆ ಸವೆದಿದೆ. ಪಾಪ, ಆ ಮಾತು ಅವರ ಸ್ವಂತ ಕಿವಿಗೆ ಮಾತ್ರ ಒಂದು ದಿನವೂ ಬಿದ್ದಿರಲಿಲ್ಲ.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬಳಿಯೂ ಒಂದು ಬ್ರೇಕ್ ಇರುತ್ತದೆ. ಕಲಿಯುವವರು ಎಡವಟ್ಟು ಮಾಡಿದರೆ ಇರಲಿ ಅಂತ. ನಮ್ಮ ಮೇಷ್ಟ್ರು ಎಡವಟ್ಟಿಗೆ ಕಾಯುವ ಆಸಾಮಿಯೇ ಅಲ್ಲ. ದೂರದಲ್ಲೊಂದು ಸೈಕಲ್ ಕಂಡರೆ ಸಾಕು, ಬಲಗಾಲು ಒತ್ತಿಯೇ ಬಿಡುತ್ತಿತ್ತು. ಬೆನ್ನ ಹಿಂದೆ ಶಿಷ್ಯರು ‘ಬ್ರೇಕ್ ಮೇಷ್ಟ್ರು’ ಎನ್ನುತ್ತಿದ್ದುದು ಅವರಿಗೂ ಗೊತ್ತಿತ್ತು. ಅದನ್ನು ಬಿರುದು ಅಂದುಕೊಂಡು ಎದೆಯುಬ್ಬಿಸಿ ಓಡಾಡಿದರು.

ಮೊಣಕಾಲು ನೋಯತೊಡಗಿದಾಗ ಆಸ್ಪತ್ರೆಗೆ ಹೋದರು. ಡಾಕ್ಟರಮ್ಮ ಎಕ್ಸ್‌ರೇ ನೋಡಿ, ಮೂಳೆ ಗುಂಡುಕಲ್ಲಿನ ಹಾಗಿದೆ, ನಿಮಗಿರುವುದು ಟೆನ್ಷನ್ ಎಂದರು. ಮೇಷ್ಟ್ರಿಗೆ ರೇಗಿತು. ಊರಿಗೆಲ್ಲ ಧೈರ್ಯ ಹೇಳುವವನಿಗೇ ಟೆನ್ಷನ್ನಾ? ಡಾಕ್ಟರಮ್ಮ ವಾದಕ್ಕಿಳಿಯಲಿಲ್ಲ. ಯಾವ್ಯಾವಾಗ ಕಾಲು ಬಿಗಿಯುತ್ತದೆ ಅಂತ ಒಂದು ವಾರ ಗಮನಿಸಿ ಎಂದು ಕಳಿಸಿಕೊಟ್ಟರು.

ಗಮನಿಸಿದರೆ ಮಾನ ಹೋಗುವ ಸಂಗತಿ. ಬಸ್ಸಿನ ಕೊನೆಯ ಸೀಟಿನಲ್ಲಿ ಕೂತು ಇಲ್ಲದ ಬ್ರೇಕ್ ಒತ್ತುತ್ತಿದ್ದರು. ಒಲೆಯ ಮೇಲಿನ ಹಾಲು ಉಕ್ಕುವ ಮುಂಚೆಯೇ ಒತ್ತುತ್ತಿದ್ದರು. ಹೆಂಡತಿ ಫೋನಿನಲ್ಲಿ ತನ್ನ ತಂಗಿಯ ಜೊತೆ ಮಾತಾಡುತ್ತಾ ಮನೆಯ ಗುಟ್ಟಿನ ಹತ್ತಿರ ಬಂದಾಗಲಂತೂ ಎರಡೂ ಕಾಲಲ್ಲಿ ಒತ್ತುತ್ತಿದ್ದರು. ಲೋಕದಲ್ಲಿ ಇನ್ನೂ ಆಗದಿರುವ ಅಪಘಾತಗಳನ್ನೆಲ್ಲ ನಾನೊಬ್ಬನೇ ತಡೆಯುತ್ತಿದ್ದೆ ಎಂದು ಈಗ ಅವರೇ ಹೇಳಿಕೊಂಡು ನಗುತ್ತಾರೆ. ಆಗ ನಗು ಬಂದಿರಲಿಲ್ಲ. ಆ ಡಾಕ್ಟರಮ್ಮನಿಗೆ ಏನೂ ಗೊತ್ತಿಲ್ಲ ಎಂದು ತೀರ್ಮಾನಿಸಿ ಸುಮ್ಮನಾದರು.

ಕಣ್ಣು ತೆರೆಸಿದ್ದು ಮಗಳು. ನರ್ಸಿಂಗ್ ಮುಗಿಸಿದ್ದ ಅವಳಿಗೆ ಮನೆಮನೆಗೆ ಹೋಗಿ ರೋಗಿಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತ್ತು. ಕಾರು ಕೆಲಸ ಕೊಟ್ಟವರೇ ಕೊಡುತ್ತಾರೆ, ಆದರೆ ತಿಂಗಳೊಳಗೆ ಲೈಸೆನ್ಸ್ ತರಬೇಕು. ತರದಿದ್ದರೆ ಕೆಲಸ ಇನ್ನೊಬ್ಬರ ಪಾಲು. ಅಪ್ಪನೇ ಮೇಷ್ಟ್ರಾಗಿರುವಾಗ ಏನು ಚಿಂತೆ? ಮೂರು ವಾರ ಅಪ್ಪ ಜೀವ ಕೈಯಲ್ಲಿ ಹಿಡಿದುಕೊಂಡು ಕಲಿಸಿದರು. ಪರೀಕ್ಷೆಯ ದಿನ ಪಕ್ಕದಲ್ಲಿ ಕೂತ ಅಧಿಕಾರಿ ಆರಾಮಾಗಿ ಕಾಲು ಮಡಚಿಕೊಂಡು ಕೂತರು, ಬ್ರೇಕಿನ ತಂಟೆಗೇ ಹೋಗಲಿಲ್ಲ. ತಿರುವಿನಲ್ಲಿ ನಿಲ್ಲಿಸಿ ಎಂದರೆ ಕಾರು ನಿಲ್ಲಲಿಲ್ಲ. ಗುರುತಿಗೆ ನೆಟ್ಟಿದ್ದ ಕೋಲುಗಳಲ್ಲಿ ಮೂರನ್ನು ಮಲಗಿಸಿ ಮುಂದೆ ಹೋಯಿತು.

ಮನೆಗೆ ಬರುವಾಗ ಮೇಷ್ಟ್ರು, ಅಷ್ಟು ಹೇಳಿಕೊಟ್ಟರೂ ಗಾಬರಿಯಾದೆಯಲ್ಲ ಎಂದು ಗೊಣಗಿದರು. ಮಗಳ ಕಣ್ಣು ಕೆಂಪಾಗಿತ್ತು.

"ಅಪ್ಪಾ, ಬ್ರೇಕ್ ಎಷ್ಟು ಒತ್ತಿದ್ರೆ ಕಾರು ನಿಲ್ಲುತ್ತೆ ಅಂತಾನೇ ನಂಗೆ ಗೊತ್ತಿಲ್ಲ. ನಾನು ಒತ್ತೋಷ್ಟರಲ್ಲಿ ನೀನು ಒತ್ತಿರ್ತೀಯಲ್ಲ."

ಹೆತ್ತ ಮಗಳ ಅನ್ನಕ್ಕೆ ತಾನೇ ಕಲ್ಲು ಹಾಕಿದೆನಲ್ಲ ಎಂದು ಮೇಷ್ಟ್ರಿಗೆ ಆಗ ಹೊಳೆಯಿತು.

ಮರುಪರೀಕ್ಷೆಗೆ ಉಳಿದದ್ದು ಒಂಬತ್ತು ದಿನ. ಗೋದಾಮುಗಳ ಹಿಂದಿನ ಖಾಲಿ ರಸ್ತೆಯಲ್ಲಿ ಪಾಠ ಮತ್ತೆ ಶುರುವಾಯಿತು. ಇನ್ನು ಒತ್ತುವುದಿಲ್ಲ ಎಂದು ಮೇಷ್ಟ್ರು ಮಾತು ಕೊಟ್ಟರು, ಆದರೆ ಕಾಲು ಅವರ ಮಾತು ಕೇಳಬೇಕಲ್ಲ! ಕೊನೆಗೆ ಚಪ್ಪಲಿ ಬಿಚ್ಚಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಐವತ್ತು ದಾಟಿದ ಮನುಷ್ಯ, ಮುಂದಿನ ಸೀಟಿನಲ್ಲಿ ಊಟಕ್ಕೆ ಕೂತವನ ಹಾಗೆ. ಗೋದಾಮಿನ ಕಾವಲುಗಾರ ಬಾಯಿಬಿಟ್ಟು ನೋಡಿದ.

ಅವಳು ಪಾಸಾದಳು, ಕೆಲಸಕ್ಕೂ ಸೇರಿದಳು. ಮೇಷ್ಟ್ರನ್ನು ಕೇಳಿದರೆ ಮಾತ್ರ, ಅವಳು ಪಾಸಾದದ್ದು ಪರೀಕ್ಷೆಗೆ ಎರಡು ದಿನ ಮುಂಚೆ ಎನ್ನುತ್ತಾರೆ. ಅವತ್ತು ಮುದುಕನೊಬ್ಬ ಕೈಗಾಡಿ ತಳ್ಳಿಕೊಂಡು ಅಚಾನಕ್ಕಾಗಿ ರಸ್ತೆಗೆ ಇಳಿದ. ಮೇಷ್ಟ್ರ ಜೀವ ಬಾಯಿಗೆ ಬಂತು. ಎರಡೂ ಪಾದಗಳನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.

ಕಾರು ಮೆತ್ತಗೆ ನಿಂತಿತು. ಮುದುಕ ಇತ್ತ ತಿರುಗಿಯೂ ನೋಡದೆ ರಸ್ತೆ ದಾಟಿದ. ಮಗಳು ನಂಬಿಕೆ ಬಾರದೆ ಅಪ್ಪನ ಕಾಲಿನತ್ತ ಬಗ್ಗಿ ನೋಡಿದಳು.

"ನೀನು ಒತ್ತಲಿಲ್ವಾ?"

"ಇಲ್ಲಮ್ಮ."

"ಹಾಗಾದ್ರೆ ನಿಲ್ಲಿಸಿದ್ದು ನಾನೇ" ಎಂದಳು ಮಗಳು, ತನಗೆ ತಾನೇ ಹೇಳಿಕೊಳ್ಳುವಂತೆ.